ಫ್ಲ್ಯಾಟಿಗೆ ಯಾವ ಗಿಣಿ? ಸನ್ ಕನ್ಯೂರ್, ಗ್ರೀನ್ ಚೀಕ್, ಪ್ಯಾರಟ್‌ಲೆಟ್

ಮೂರನ್ನೂ ಸಾಕಿ ನೋಡಿ ಹೇಳುತ್ತಿದ್ದೇನೆ. ಮಂಗಳೂರಿನ ಫ್ಲ್ಯಾಟಿಗೆ ಬಣ್ಣ ನೋಡಿ ಹಕ್ಕಿ ತರಬೇಡಿ, ದನಿ ಕೇಳಿ ತನ್ನಿ.

ಕನ್ಯೂರ್ ಎಂದರೆ ಉದ್ದ ಬಾಲದ ಒಂದು ಬಗೆಯ ಗಿಣಿ. ಸನ್ ಕನ್ಯೂರ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮರಿಯಲ್ಲಿ ಹಸಿರು ಜಾಸ್ತಿ, ಬೆಳೆದಂತೆ ಹಳದಿ, ಕಿತ್ತಳೆ ತುಂಬುತ್ತದೆ. ಆದರೆ ಆ ಕೂಗು! ಗಯಾನಾ, ಉತ್ತರ ಬ್ರೆಜಿಲ್ ಕಡೆ ಗುಂಪಿನಲ್ಲಿ ಹಾರುತ್ತಾ ಒಂದನ್ನೊಂದು ಕರೆಯುವ ದನಿ ಅದು. ಕದ್ರಿಯ ನಮ್ಮ ಹಾಲ್‌ಗೆ ಹಿಡಿಸಲಿಲ್ಲ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರಂತೂ ಫೋನಿನಲ್ಲಿ ಮಾತಾಡುವುದೇ ಕಷ್ಟ. ಪಕ್ಕದ ಮನೆಯ ಅಜ್ಜಿ, "ಹಕ್ಕಿಗೆ ಹುಷಾರಿಲ್ವಾ ಮಾರಾಯ್ರೆ?" ಎಂದು ಬಾಗಿಲಿಗೇ ಬಂದರು. ಈಗ ಅದು ಕಾರ್ಕಳದಲ್ಲಿ ಅಕ್ಕನ ಮನೆಯಲ್ಲಿದೆ. ಅಲ್ಲಿ ತೋಟವಿದೆ, ಕೂಗಲಿ.

ಗ್ರೀನ್ ಚೀಕ್ ಕೂಡ ಕನ್ಯೂರೇ. ಬೊಲಿವಿಯಾ ಮತ್ತು ಅದರ ಅಕ್ಕಪಕ್ಕದ ಕಾಡಿನದು. ಉದ್ದ ಸುಮಾರು 26 ಸೆಂಟಿಮೀಟರ್, ಅದರಲ್ಲಿ ಬಾಲವೇ ಅರ್ಧ. ಇದೂ ಕಿರುಚುತ್ತದೆ, ಆದರೆ ಪಕ್ಕದ ಮನೆಯವರೆಗೆ ಹೋಗುವುದು ಅಪರೂಪ. ಅಂಗಿಯೊಳಗೆ ನುಗ್ಗಿ ನಿದ್ದೆ ಮಾಡುತ್ತದೆ, ಸುಮ್ನೆ ಬೆರಳು ಕಚ್ಚುತ್ತದೆ. ಮಾತು ಕಲಿಯುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ಈಗಲೂ ಇರುವುದು ಇದೇ.

ಪ್ಯಾರಟ್‌ಲೆಟ್‌ಗಳಲ್ಲಿ ಹೆಚ್ಚಾಗಿ ಸಾಕುವ ಪೆಸಿಫಿಕ್ ಜಾತಿ ಈಕ್ವೆಡಾರ್, ಪೆರುವಿನದು. ಸುಮಾರು 13 ಸೆಂಟಿಮೀಟರ್, 30 ಗ್ರಾಂ, ಆದರೆ ಗತ್ತು ಗಿಡುಗನದ್ದು! ಮೂರರಲ್ಲಿ ಇದರ ದನಿಯೇ ಸಣ್ಣದು. ಬೇರೆ ಹಕ್ಕಿಯ ಜೊತೆ ಬಿಟ್ಟರೆ ಜಗಳ ಗ್ಯಾರಂಟಿ, ಬೇರೆ ಗೂಡೇ ಬೇಕು. ಒಂದು ಅನುಕೂಲ ಉಂಟು: ಹಸಿರು ಬಣ್ಣದ್ದಾದರೆ ರೆಕ್ಕೆಯ ಗಾಢ ನೀಲಿಯಿಂದಲೇ ಗಂಡು ಎಂದು ಗೊತ್ತಾಗುತ್ತದೆ. ಕನ್ಯೂರ್‌ಗಳಿಗೆ ಡಿಎನ್‌ಎ ಟೆಸ್ಟ್ ಮಾಡಿಸಬೇಕು.

ಊಟದಲ್ಲಿ ಮೂವರಿಗೂ ದೊಡ್ಡ ವ್ಯತ್ಯಾಸವಿಲ್ಲ. ಅಲಸಂಡೆ, ಪಪ್ಪಾಯಿ, ಮೊಳಕೆ ಹೆಸರು ಖುಷಿಯಿಂದ ತಿನ್ನುತ್ತವೆ. ಬೆಣ್ಣೆಹಣ್ಣು ಮಾತ್ರ ಕೊಡಲೇಬೇಡಿ, ಹಕ್ಕಿಗಳಿಗೆ ವಿಷ. ನಮ್ಮೂರ ಮಳೆಗೆ ಕಾಳು ಬೇಗ ಬೂಸ್ಟು ಹಿಡಿಯುತ್ತದೆ, ಸ್ವಲ್ಪ ಸ್ವಲ್ಪವೇ ತನ್ನಿ. ನೀರ್‌ದೋಸೆಗೆ ಕಬ್ಬಿಣದ ಕಾವಲಿಯೇ ಇರಲಿ. ನಾನ್‌ಸ್ಟಿಕ್ ವಿಪರೀತ ಕಾದರೆ ಬರುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು.

ಇನ್ನು ಕಾಗದಪತ್ರ. ನಮ್ಮ ಊರಿನ ಹಸಿರು ಗಿಣಿಯನ್ನು ಸಾಕುವುದು ಅಪರಾಧ, ಗೊತ್ತಲ್ವಾ? ಈ ಮೂರನ್ನು ಸಾಕಬಹುದು, ಆದರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರು ಕಾಗದ ಕೊಡಲು ತಡಬಡಿಸಿದರೆ ಅಲ್ಲಿಂದ ತರಬೇಡಿ.