ಅಡುಗೆಮನೆ ಗೋಡೆಯ ಹಳೇ ಪೈಪು ನೀರಿನದೇ ಎಂದು ನಂಬಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೇ ಮನೆಗಳಲ್ಲಿ ಡಿಶ್‌ವಾಷರ್, ವಾಟರ್ ಫಿಲ್ಟರ್, ಏನೇ ಕೂರಿಸುವವರಿದ್ದರೂ ಇದನ್ನೊಮ್ಮೆ ಓದಿ. ಅಡುಗೆಮನೆ ಗೋಡೆಯಿಂದ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪೊಂದು ಹೊರಬಂದು, ಬಾಯಿಗೆ ಡಮ್ಮಿ, ಅಂದರೆ ತಿರುಪಿನ ಮುಚ್ಚಳ, ಹಾಕಿಸಿಕೊಂಡು ಸುಮ್ಮನೆ ಕೂತಿದ್ದರೆ, ಅದರ ಇನ್ನೊಂದು ತುದಿಯನ್ನು ಕಣ್ಣಾರೆ ನೋಡುವವರೆಗೆ ಯಾರಿಗೂ ಮುಟ್ಟಲು ಕೊಡಬೇಡಿ.

ನಮ್ಮನೆಗೆ ಡಿಶ್‌ವಾಷರ್ ಜೋಡಿಸಲು ಬಂದವನು ಹುಬ್ಬಳ್ಳಿ ಕಡೆಯ ಹುಡುಗ. ಬಂದವನೇ “ಇಲ್ಲಿ ನೆಟ್‌ವರ್ಕ್ ಸಿಗಂಗಿಲ್ಲ ಅಕ್ಕಾರ, ಮೊದಲ ಒಟಿಪಿ ಕೊಟ್ಟಬಿಡ್ರಿ” ಎಂದು ಜಗಲಿ ತುದಿಯಲ್ಲಿ ನಿಂತು ಕೆಲಸ ಮುಗಿದಿದೆಯೆಂದು ಒತ್ತಿಬಿಟ್ಟ. ಸಿಂಕಿನ ಕೆಳಗಿನ ಕಪಾಟಿನಲ್ಲಿ ಆ ಪೈಪು ಕಂಡಿದ್ದೇ ಅವನಿಗೆ ಖುಷಿ, ಮೆಷಿನ್‌ಗೆ ಬೇರೆ ಲೈನ್ ಎಳೆಯುವ ಕೆಲಸ ತಪ್ಪಿತಲ್ಲ! ಅತ್ತೆ ಪೇಟೆಗೆ ಹೋಗಿದ್ದಾರೆ, ಅವರನ್ನು ಕೇಳಿ ನೋಡೋಣ ಎಂದೆ. “ಇನ್ನೂ ಎರಡು ಕಾಲ್ ಅದಾವ್ರಿ” ಎಂದವನು ರಿಂಚು ಹಾಕಿ ಡಮ್ಮಿ ಬಿಚ್ಚಿಯೇಬಿಟ್ಟ.

ಸುಸ್ಸೆಂದು ಗಾಳಿ ಬಂತು, ನೀರಿಲ್ಲ. “ಗಾಳಿ ಹಿಡದೈತ್ರಿ, ಈಗ ನೀರ ಬರ್ತಾವ” ಎಂದು ಹಾಗೇ ಬಿಟ್ಟು, ಡ್ರೇನ್ ಪೈಪಿಗೆ ತೂತು ಕೊರೆಯಲು ಡ್ರಿಲ್ ಜೋಡಿಸತೊಡಗಿದ. ಅವನ ಮಾತು ಪೂರ್ತಿ ಬುಡವಿಲ್ಲದ್ದೇನೂ ಆಗಿರಲಿಲ್ಲ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವ ನಮ್ಮೂರುಗಳಲ್ಲಿ ಗಾಳಿ ಕಟ್ಟುವುದು, ಸುಸ್ಸೆನ್ನುವುದು ದಿನದ ಮಾತು. ಸ್ವಲ್ಪ ಕೊಳೆತ ಮೊಟ್ಟೆಯ ವಾಸನೆಯೂ ಇತ್ತು. ಪಕ್ಕದಲ್ಲೇ ಕೊಟ್ಟಿಗೆ, ಮೇಲೆ ಸಿಂಕು. ಅದನ್ನು ಬೇರೆ ಎಂದು ಗುರುತಿಸುವುದು ಹೇಗೆ?

ಡ್ರಿಲ್ ಒತ್ತಿದ ಕೂಡಲೇ ಕಪಾಟಿನೊಳಗೆ ಭಗ್ಗೆಂದಿತು. ಅವನ ಹುಬ್ಬು, ಕೈಮೇಲಿನ ಕೂದಲು ಸುಟ್ಟು ಕರಕಲು. ಪೈಪಿನ ಬಾಯಲ್ಲಿ ನೀಲಿ ಉರಿ ನಿಂತೇ ಇತ್ತು.

ಅಷ್ಟರಲ್ಲಿ ಗೋಡೆಯಾಚೆಯ ಮನೆಯಿಂದ ದೊಡ್ಡತ್ತೆ ಬಂದರು. “ಒಲೆ ಉರಿ ಸಣ್ಣ ಆಗೋತು, ಎಂತಾತೇ ತಂಗಿ?” ಅವರು ಹಾಲು ಕಾಯಿಸುತ್ತಿದ್ದುದು ಗೋಬರ್ ಗ್ಯಾಸಿನಲ್ಲಿ. ಅದೇ ಗ್ಯಾಸು ನಮ್ಮ ಕಪಾಟಿನಲ್ಲಿ ಉರಿಯುತ್ತಿತ್ತು!

ನಾನು ಈ ಮನೆಗೆ ಬರುವ ಮೊದಲಿನ ಕಥೆ ಆಮೇಲೆ ಗೊತ್ತಾಯಿತು. ಹಿಸ್ಸೆಯಾದಾಗ ಮನೆಯ ನಡುವೆ ಗೋಡೆ ಬಂತು, ದನ ಅವರ ಪಾಲಿಗೆ ಹೋಯಿತು, ಗೋಬರ್ ಗ್ಯಾಸ್ ಗುಂಡಿಯೂ ಹೋಯಿತು. ಆದರೆ ಕೊಟ್ಟಿಗೆ ಹಿಂದೆ ಪೈಪು ಕವಲೊಡೆಯುವ ಟೀ ಜೋಡಣೆಯಿಂದ ನಮ್ಮ ಕಡೆ ಬರುವ ಕವಲನ್ನು ಯಾರೂ ಕತ್ತರಿಸಲಿಲ್ಲ, ಅಡುಗೆಮನೆ ತುದಿಗೊಂದು ಡಮ್ಮಿ ಹಾಕಿ ಕೈತೊಳೆದುಕೊಂಡರು. ಹಿಸ್ಸೆ ಪತ್ರದಲ್ಲಿ ಹಲಸಿನ ಮರ ಯಾರಿಗೆ ಎಂಬುದೂ ಇದೆ, ಈ ಪೈಪಿನ ಸುದ್ದಿಯೇ ಇಲ್ಲ. ಇಂಥ ಮನೆಗಳು ಕಮ್ಮಿಯೇನಿಲ್ಲ. 1981-82ರಲ್ಲಿ ಕೇಂದ್ರದ ಗೋಬರ್ ಗ್ಯಾಸ್ ಯೋಜನೆ ಶುರುವಾದ ಮೇಲೆ ಸಬ್ಸಿಡಿಯಲ್ಲಿ ಊರೂರಿಗೂ ಗುಂಡಿಗಳಾದವು. ದೀನಬಂಧು ಮಾದರಿಯದಾದರೆ ಗುಮ್ಮಟ ಪೂರ್ತಿ ಮಣ್ಣಿನಡಿಗೇ ಇರುತ್ತದೆ. ದರಕು (ಒಣಗಿದ ಎಲೆ) ಬಿದ್ದು ಮುಚ್ಚಿದರೆ ಅಲ್ಲೊಂದು ಟ್ಯಾಂಕಿದೆ ಎಂದು ಹೊಸಬರಿಗೆ ಗೊತ್ತಾಗುವ ಬಗೆಯೇ ಇಲ್ಲ. ಸಗಣಿ ಹಾಕುವುದು ನಿಂತಿದ್ದರೂ ಒಳಗಿನ ಬಗ್ಗಡದಿಂದ ಗ್ಯಾಸು ಹುಟ್ಟುತ್ತಲೇ ಇರಬಹುದು. ಹುಡುಕುವ ಭರದಲ್ಲಿ ಗುಂಡಿಗೆ ಮಾತ್ರ ಇಳಿಯಬೇಡಿ, ಅದರೊಳಗೆ ಉಸಿರುಕಟ್ಟಿ ಸತ್ತವರಿದ್ದಾರೆ.

ಸಿಲಿಂಡರ್ ಗ್ಯಾಸಿಗೆ ಸೋರಿಕೆ ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ. ಗೋಬರ್ ಗ್ಯಾಸಿನಲ್ಲಿರುವುದು ಅದರದ್ದೇ ಗಂಧಕದ ನಾತ, ಮೂಗು ಬೇಗ ಅದಕ್ಕೆ ಒಗ್ಗಿಬಿಡುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು, ಸಾಮಾನ್ಯ ಡ್ರಿಲ್ಲಿನ ಮೋಟರಿನೊಳಗಿನ ಕಾರ್ಬನ್ ಬ್ರಷ್‌ನಲ್ಲಿ ಅದು ತಿರುಗುವಾಗ ಆ ಕಿಡಿ ಇರುತ್ತದೆ. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಇನ್ನಷ್ಟು ಹೊತ್ತು ಸೋರಿದ್ದರೆ ಈ ಬರಹವನ್ನು ಬೇರೆ ಯಾರೋ ಬರೆಯಬೇಕಾಗುತ್ತಿತ್ತು.

ಕಂಪನಿಗೆ ಫೋನ್ ಮಾಡಿದರೆ “ಮನೆಯ ಪ್ಲಂಬಿಂಗ್ ನಮ್ಮ ಜವಾಬ್ದಾರಿ ಅಲ್ಲ ಮೇಡಂ, ಇನ್‌ಸ್ಟಾಲೇಷನ್ ಕಂಪ್ಲೀಟ್ ಅಂತ ತೋರಿಸ್ತಿದೆ.” ಒಟಿಪಿ ಮೊದಲೇ ಕೇಳುವುದರ ಗುಟ್ಟು ಆಗ ತಿಳಿಯಿತು. ಆ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ದಿನಕ್ಕಿಷ್ಟು ಕಾಲ್ ಎಂದು ಓಡಿಸುವವರ ಮೇಲಿದೆ. ಮೆಷಿನ್ ಓಡಿ, ಒಂದು ಸಲ ಪಾತ್ರೆ ತೊಳೆದು ತೋರಿಸುವವರೆಗೆ ಒಟಿಪಿ ಕೊಡಬೇಡಿ.

ಪೈಪನ್ನು ಗುರುತಿಸಲು ಹೊರಗಡೆಯಿಂದ ಅದರ ಜಾಡು ಹಿಡಿದು ಹೋಗಿ. ಕೊಟ್ಟಿಗೆ ಕಡೆ ತಿರುಗಿದರೆ, ಅಥವಾ ದಾರಿಯಲ್ಲಿ ತಗ್ಗಿರುವ ಕಡೆ ನೀರು ಬಸಿಯಲು ಸಣ್ಣ ನಲ್ಲಿಯಿದ್ದರೆ ಗ್ಯಾಸಿನದೆಂದೇ ತಿಳಿಯಿರಿ. ಗ್ಯಾಸಿನ ಜೊತೆ ಬರುವ ತೇವ ಪೈಪಿನಲ್ಲಿ ನೀರಾಗಿ ನಿಲ್ಲುತ್ತದೆ, ಅದಕ್ಕೇ ಆ ನಲ್ಲಿ. ಮನೆಯ ಹಿರಿಯರನ್ನು ಕೇಳಿ. ಮನೆ ಕೊಂಡವರಾದರೆ ಮಾರಿದವರನ್ನು ಕೇಳಿ.

ಸುಸ್ಸೆಂದರೆ ಮೊದಲು ಡಮ್ಮಿ ವಾಪಸ್ ತಿರುಗಿಸಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. 1906 ಸಿಲಿಂಡರ್ ಗ್ಯಾಸಿನ ಸೋರಿಕೆಗೆ ಇರುವ ನಂಬರ್. ಗೋಬರ್ ಗ್ಯಾಸಿಗೆ ನಿಮ್ಮ ವಾಲ್ವ್ ನೀವೇ ಮುಚ್ಚಬೇಕು. ನಮ್ಮದು ತುಕ್ಕು ಹಿಡಿದು ಕೈಗೆ ಜಗ್ಗಲಿಲ್ಲ, ದೊಡ್ಡಮಾವ ರಿಂಚು ಹಾಕಿ ಮುಚ್ಚಿದ ಮೇಲೆಯೇ ಉರಿ ಆರಿತು. ನಿಮ್ಮದು ತಿರುಗುತ್ತದೋ ಇಲ್ಲವೋ ಇವತ್ತೇ ಹೋಗಿ ನೋಡಿ.