ಹಿಂಬದಿ ತೋರಿಸದ ಹಳೇ ನಕ್ಷೆಗೆ ದುಡ್ಡು ಕಟ್ಟಬೇಡಿ

ಆನ್‌ಲೈನ್ ಹರಾಜಿನಲ್ಲಿ ಹೊರದೇಶದ ಮಾರಾಟಗಾರನೊಬ್ಬನಿಂದ ಬೆಂಗಳೂರಿನ ಸಂಗ್ರಾಹಕರೊಬ್ಬರು ಕೊಂಡ ನಕ್ಷೆಯ ವಿಷಯ ಇದು. ಹದಿನಾರನೇ ಶತಮಾನದ ನಕ್ಷೆಗಾರ ಅಬ್ರಹಾಂ ಓರ್ಟೇಲಿಯಸ್ ಮಾಡಿದ ಈಸ್ಟ್ ಇಂಡೀಸ್ (ಭಾರತ, ಆಗ್ನೇಯ ಏಷ್ಯಾ ಭಾಗದ) ನಕ್ಷೆ, ಆಂಟ್‌ವರ್ಪ್ (ಈಗಿನ ಬೆಲ್ಜಿಯಂ), 1570, ಮೂಲ ತಾಮ್ರದ ಹಲಗೆಯ ಅಚ್ಚು, ಕೈಯಿಂದ ಹಾಕಿದ ಬಣ್ಣ, ಜೊತೆಗೊಂದು ಸರ್ಟಿಫಿಕೇಟ್ ಎಂದು ಬರೆದಿತ್ತು. ಫ್ರೇಮಿನಲ್ಲಿ ಬಂದದ್ದು ಆಫ್‌ಸೆಟ್ ಪ್ರಿಂಟು. ಹಣ ವಾಪಸ್ ಬರಲಿಲ್ಲ.

ಅನುಮಾನಕ್ಕೆ ಕಾರಣ ಫೋಟೊಗಳಲ್ಲೇ ಇತ್ತು. ಅಷ್ಟೂ ಮುಂಭಾಗದವು. ಹಿಂಬದಿ ಕೇಳಿದರೆ, ‘ಫ್ರೇಮ್ ಸೀಲ್ ಆಗಿದೆ, ಬಿಚ್ಚಿದರೆ ಕಾಗದ ಹಾಳಾಗುತ್ತೆ’ ಎಂಬ ಉತ್ತರ. ಅಸಲಿ ಮಾಲು ಇಟ್ಟುಕೊಂಡವನು ಮೊದಲು ತೋರಿಸುವುದೇ ಹಿಂಬದಿಯನ್ನು. ಈ ನಕ್ಷೆಗಳು ‘ಥಿಯೇಟ್ರಂ ಆರ್ಬಿಸ್ ಟೆರ‍್ರಾರಂ’ ಎಂಬ ಅಟ್ಲಾಸಿನ ಹಾಳೆಗಳು. ಅದು 1570ರಿಂದ 1612ರವರೆಗೆ ಲ್ಯಾಟಿನ್, ಡಚ್, ಜರ್ಮನ್, ಫ್ರೆಂಚ್ ಮುಂತಾದ ಭಾಷೆಗಳಲ್ಲಿ ಮತ್ತೆ ಮತ್ತೆ ಅಚ್ಚಾಯಿತು. ಹಾಳೆಯ ಹಿಂದೆ ಆಯಾ ಭಾಷೆಯ ವಿವರಣೆ, ಪುಟಸಂಖ್ಯೆ ಇರುತ್ತವೆ. ಯಾವ ಆವೃತ್ತಿ ಎಂದು ಹೇಳುವುದು ಅವನ್ನು ನೋಡಿಯೇ. ಹಾಗಾಗಿ ಹಿಂಬದಿ ನೋಡದೆ ‘1570’ ಎಂದು ಬರೆದವನಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಬರೆದಿದ್ದಾನೆ. ಹಿಂಬದಿ ಖಾಲಿ ಇರುವ ಅಸಲಿ ಹಾಳೆಗಳೂ ಅಪರೂಪಕ್ಕೆ ಸಿಗುತ್ತವೆ, ಆದರೆ ಅದಕ್ಕೆ ಕಾರಣ ವಿವರಿಸಬೇಕಾದವನು ಮಾರುವವನು. ಈ ಫ್ರೇಮ್ ಬಿಚ್ಚಿದಾಗ ಹಿಂದೆ ಅಚ್ಚ ಬಿಳಿ ಖಾಲಿ ಕಾಗದ. ಮುಂದೆ ಮಾತ್ರ ಟೀ ಬಣ್ಣ.

ನಂಬಿಸಿದ್ದು ಪ್ಲೇಟ್ ಮಾರ್ಕ್. ಒದ್ದೆ ಕಾಗದದ ಮೇಲೆ ತಾಮ್ರದ ಹಲಗೆಯನ್ನು ಪ್ರೆಸ್ಸಿನಲ್ಲಿ ಒತ್ತಿದಾಗ ಚಿತ್ರದ ಸುತ್ತ ಅಂಚಿನ ತಗ್ಗು ಮೂಡುತ್ತದೆ. ಅದನ್ನೇ ಹತ್ತಿರದಿಂದ ಫೋಟೊ ತೆಗೆದು ಹಾಕಿದ್ದರು. ಆದರೆ ಖಾಲಿ ಹಲಗೆಯಿಂದ ಒತ್ತಿ ಆ ತಗ್ಗನ್ನು ಯಾವ ಪ್ರಿಂಟಿಗಾದರೂ ಕೊಡಬಹುದು. ಅಸಲಿಯಲ್ಲಿ ಸಾಮಾನ್ಯವಾಗಿ ಮೂಲೆಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಿರುತ್ತಾರೆ, ಇಲ್ಲದಿದ್ದರೆ ಕಾಗದ ಹರಿಯುತ್ತದೆ. ಅಚ್ಚಿಗೆ ಮುಂಚೆ ಹಲಗೆ ಒರೆಸಿದಾಗ ಉಳಿದ ಶಾಯಿಯ ಮಬ್ಬು ತಗ್ಗಿನಲ್ಲಿ ಅಲ್ಲಲ್ಲಿ ಕಾಣುತ್ತದೆ. ಇಲ್ಲಿ ನಾಲ್ಕೂ ಮೂಲೆ ಚಾಕುವಿನಿಂದ ಕೊಯ್ದಷ್ಟು ಚೂಪು, ಶಾಯಿಯ ಸುಳಿವೇ ಇಲ್ಲ.

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ಸಮುದ್ರದಲ್ಲಿರುವ ಮತ್ಸ್ಯಕನ್ಯೆಯರ ಕೂದಲು ನೋಡಿ. ಕೊರೆದ ಗೆರೆ ಸಣ್ಣಗೆ ಶುರುವಾಗಿ, ಉಬ್ಬಿ, ಮತ್ತೆ ಸಣ್ಣಗಾಗಿ ಮುಗಿಯುತ್ತದೆ. ಶಾಯಿ ಕಾಗದದ ಮೇಲೆ ಎದ್ದು ನಿಂತಿರುತ್ತದೆ. ಈ ಪ್ರಿಂಟಿನಲ್ಲಿ ಗೆರೆ ಚಪ್ಪಟೆ, ಬಣ್ಣದ ಜಾಗದಲ್ಲೆಲ್ಲ ಹಳದಿ, ಗುಲಾಬಿ, ನೀಲಿ ಚುಕ್ಕಿಗಳ ಸಾಲು. ಹಾಗಂತ ಚುಕ್ಕಿ ಕಾಣಲಿಲ್ಲ ಎಂದು ನಿರಾಳವಾಗಬೇಡಿ. ಫೋಟೊಗ್ರ್ಯಾವರ್ (ಮೂಲದ ಫೋಟೊದಿಂದ ತಾಮ್ರದ ಹಲಗೆ ಮಾಡಿ ಒತ್ತುವ) ನಕಲುಗಳಲ್ಲಿ ಈ ಚುಕ್ಕಿ ಇರುವುದಿಲ್ಲ, ನಿಜವಾದ ಪ್ಲೇಟ್ ಮಾರ್ಕೇ ಇರುತ್ತದೆ.

ಅಲ್ಲಿ ಕೈ ಹಿಡಿಯುವುದು ಕಾಗದ. ಬೆಳಕಿಗೆ ಹಿಡಿದರೆ ಹಳೇ ಕೈಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳು, ಅವಕ್ಕೆ ಅಡ್ಡವಾಗಿ ಸುಮಾರು 25 ಮಿಲಿಮೀಟರಿಗೊಂದರಂತೆ ಚೈನ್ ಲೈನುಗಳು ಕಾಣುತ್ತವೆ. ಗೆರೆಯಿಲ್ಲದ ನುಣುಪು ಹಾಳೆ ಯೂರೋಪಿಗೆ ಬಂದದ್ದು 1750ರ ದಶಕದಲ್ಲಿ, ಆದ್ದರಿಂದ ಅಂಥ ಹಾಳೆಯ ಮೇಲಿನ ಓರ್ಟೇಲಿಯಸ್ ಅಸಲಿ ಆಗಲಾರದು. ಗೆರೆ ಇದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ, ಈಗಲೂ ಅಂಥ ಕಾಗದ ಮಾಡುತ್ತಾರೆ. ಕತ್ತಲಲ್ಲಿ 365 ನ್ಯಾನೊಮೀಟರಿನ ಯುವಿ ಟಾರ್ಚ್ ಹಾಕಿ: ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆತ ಈಚಿನ ಕಾಗದ ನೀಲಿಯಾಗಿ ಹೊಳೆಯುತ್ತದೆ. ಅಗ್ಗದ 395ರ ಟಾರ್ಚು ತಾನೇ ನೇರಳೆ ಬೆಳಕು ಚೆಲ್ಲುವುದರಿಂದ ಹೊಳಪು ಸರಿಯಾಗಿ ತಿಳಿಯುವುದಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ಆ ಕಾಲದಲ್ಲಿ ತಾಮ್ರದಿಂದ ಮಾಡುತ್ತಿದ್ದ ಹಸಿರು ಬಣ್ಣ ಕಾಗದವನ್ನು ತಿನ್ನುತ್ತದೆ, ಹಿಂಬದಿಗೆ ಕಂದು ಕಲೆಯಾಗಿ ಇಳಿಯುತ್ತದೆ. ಅದಕ್ಕೂ ಹಿಂಬದಿ ನೋಡಲೇಬೇಕು.

ಹಿಂಬದಿಯಲ್ಲಿ ಕೆರೆದು ಅಳಿಸಿದ ಗ್ರಂಥಾಲಯದ ಮೊಹರು ಕಂಡರೆ ಅಲ್ಲಿಗೇ ಬಿಟ್ಟುಬಿಡಿ, ಅದು ಕದ್ದ ಮಾಲಾಗಿರಬಹುದು. ಫೋರ್ಬ್ಸ್ ಸ್ಮೈಲಿ ಎಂಬ ಹೆಸರಾಂತ ನಕ್ಷೆ ವ್ಯಾಪಾರಿ 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿಬಿದ್ದು, 97 ನಕ್ಷೆ ಕದ್ದದ್ದನ್ನು ಒಪ್ಪಿಕೊಂಡ. ನಕ್ಷೆ ಅಸಲಿ ಆಗಿದ್ದೂ ದುಡ್ಡು ಹೋಗುವ ದಾರಿ ಇದು.

ಹಣ ಯಾಕೆ ಬರಲಿಲ್ಲ? ‘ಹಾಳಾಗುತ್ತೆ’ ಎಂಬ ಮಾತಿಗೆ ಹೆದರಿ ಫ್ರೇಮ್ ಬಿಚ್ಚುವ ಹೊತ್ತಿಗೆ ವಾಪಸಾತಿಯ ಗಡುವು ಮುಗಿದಿತ್ತು. ವಿವರಣೆಯ ಕೊನೆಯ ಸಾಲಿನಲ್ಲಿ ‘ಅಲಂಕಾರಕ್ಕೆ’ ಎಂಬ ಪದ ಸೇರಿಸಿ, ಅಸಲಿ ಅಲ್ಲವೆಂದು ಜಾರಿಕೊಳ್ಳಲು ದಾರಿ ಇಟ್ಟುಕೊಂಡಿದ್ದರು. ಸರ್ಟಿಫಿಕೇಟಿನಲ್ಲಿ ಆವೃತ್ತಿ ಇಲ್ಲ, ಪುಟಸಂಖ್ಯೆ ಇಲ್ಲ, ಹಣ ಮರಳಿಸುವ ಮಾತಂತೂ ಇಲ್ಲವೇ ಇಲ್ಲ. ಇನ್ನೊಂದು ತೊಡಕು ನಮ್ಮ ಕಡೆಯದು: ನೂರು ವರ್ಷ ದಾಟಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಇನ್‌ವಾಯ್ಸಿನಲ್ಲಿ ‘1570’ ಎಂದಿರುವ ಪ್ರಿಂಟನ್ನು ಮರಳಿ ಕಳಿಸಲು ಹೊರಟರೆ, ಅದು ಪ್ರಾಚ್ಯವಸ್ತು ಅಲ್ಲ ಎಂಬ ಪತ್ರವನ್ನು ಪುರಾತತ್ವ ಇಲಾಖೆಯಿಂದ ತರಬೇಕಾಗಿ ಬರಬಹುದು. ಅಷ್ಟರಲ್ಲಿ ಗಡುವು ಎಲ್ಲಿರುತ್ತದೆ? ಆದ್ದರಿಂದ ಹಿಂಬದಿ, ಬೆಳಕಿಗೆ ಹಿಡಿದ ಹಾಳೆ, ಅಳತೆಪಟ್ಟಿ ಇಟ್ಟ ಅಂಚು, ಈ ಮೂರರ ಫೋಟೊ ದುಡ್ಡು ಕಟ್ಟುವ ಮುಂಚೆಯೇ ತರಿಸಿಕೊಳ್ಳಿ. ಈ ನಕ್ಷೆಯ ಅಚ್ಚು ಸುಮಾರು 35×50 ಸೆಂಟಿಮೀಟರ್. ಒದ್ದೆ ಕಾಗದ ಒಣಗಿ ಕುಗ್ಗುವುದರಿಂದ ಕೆಲವು ಮಿಲಿಮೀಟರ್ ಆಚೀಚೆ ಆಗಬಹುದು, ಮೂರು ನಾಲ್ಕು ಸೆಂಟಿಮೀಟರ್ ಅಲ್ಲ.