ಯುಪಿಐ: ಸ್ಕ್ಯಾನ್ ಮಾಡೋದು ಸಲೀಸು, ಸಿಕ್ಕಿಕೊಂಡರೆ ಕೌಂಟರ್ ಇಲ್ಲ

ಹೊಸ ಫೋನ್ ಬಂದರೆ ವಾರದೊಳಗೆ ಅದಕ್ಕೆ ರಾಶಿ ರಾಶಿ ವಿಮರ್ಶೆ ಬರುತ್ತವೆ. ಬೆಳಗಿನ ಟೀಯಿಂದ ರಾತ್ರಿ ಮೆಡಿಕಲ್ ಶಾಪ್‌ವರೆಗೆ ಬಳಸುವ ಯುಪಿಐಗೆ ಮಾತ್ರ ಯಾರೂ ಬರೆಯುವುದಿಲ್ಲ. ಅದೂ ಒಂದು ಸರ್ವಿಸ್ಸೇ ಅಲ್ವಾ? ನಾನು ಸಾಗರದ ಕಡೆಯವನು, ಕೆಲಸ ಶಿವಮೊಗ್ಗದಲ್ಲಿ. ಡಿಗ್ರಿ ಸೇರಿದಾಗಿನಿಂದ ಇದನ್ನು ಬಳಸುತ್ತಿದ್ದೇನೆ. ಅಷ್ಟರಲ್ಲಿ ಫೋನ್ ಬದಲಾಯಿತು, ಆ್ಯಪ್ ಬದಲಾಯಿತು, ಬ್ಯಾಂಕೂ ಬದಲಾಯಿತು. ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಕೊಡುವ ಕೆಲಸಕ್ಕೆ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ಆದರೆ ಇದಕ್ಕೊಂದು ಕೌಂಟರ್ ಇಲ್ಲ. ದುಡ್ಡು ನಡುದಾರಿಯಲ್ಲಿ ಸಿಕ್ಕಿಕೊಂಡರೆ ಯಾರ ಮುಂದೆ ಹೋಗಿ ನಿಲ್ಲಬೇಕು ಅಂತ ಇವತ್ತಿಗೂ ಜನರಿಗೆ ಗೊತ್ತಾಗುವುದಿಲ್ಲ.

ಯುಪಿಐ ನಡೆಸುವುದು ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. 2016ರ ಏಪ್ರಿಲ್ 11ರಂದು, ರಘುರಾಮ್ ರಾಜನ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗ, ಇದು ಶುರುವಾಯಿತು. ಅದೇ ವರ್ಷ ನವೆಂಬರ್ 8ಕ್ಕೆ ನೋಟು ರದ್ದಾಯಿತು, ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಪ್ಪ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತದ್ದು ನೆನಪಿದೆ, ಭೀಮ್ ಬಂದದ್ದು ನೆನಪಿಲ್ಲ. ನಮ್ಮೂರಿನ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕರ್ ಎದ್ದು ಕಾಣಿಸಿದ್ದು ಕೊರೊನಾ ಹೊತ್ತಿಗೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಜಾಸ್ತಿ ಯುಪಿಐ ವಹಿವಾಟು ನಡೆದಿದೆ. ಅದರಲ್ಲಿ ನನ್ನ ಟೀ, ಬನ್ನು, ರೀಚಾರ್ಜ್ ಎಲ್ಲ ಸೇರಿವೆ.

ಇಷ್ಟವಾದದ್ದರಲ್ಲಿ ಮೊದಲನೆಯದು ಚಿಲ್ಲರೆ ಜಗಳ ಮುಗಿದದ್ದು. ಬಸ್ಸಿನಲ್ಲಿ ಟಿಕೆಟ್ ಹಿಂದೆ ಬಾಕಿ ಬರೆಸಿಕೊಂಡು, ಇಳಿಯುವಾಗ ಬಾಗಿಲ ಹತ್ತಿರ ‘ಸಾರ್, ಎಂಟು ರೂಪಾಯಿ’ ಅಂತ ಕೈ ಚಾಚಿದವರಿಗೆ ಇದು ಅರ್ಥವಾಗುತ್ತದೆ. ಈಗ ಕಂಡಕ್ಟರ್ ಕೈಯಲ್ಲೂ ಕ್ಯೂಆರ್ ಬಂದಿದೆ. (2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಉಚಿತ. ಹಾಗಾಗಿ ಚಿಲ್ಲರೆ ಚಿಂತೆ ಈಗ ಗಂಡಸರದ್ದು.) ಕಿರಾಣಿ ಅಂಗಡಿಯಲ್ಲಿ ಎರಡು ರೂಪಾಯಿಗೆ ಬದಲಾಗಿ ಚಾಕೊಲೇಟ್ ಕೊಡುವ ಕಾಲವೂ ಹೋಯಿತು.

ಎರಡನೆಯದು ಅಂಗಡಿಯ ಸೌಂಡ್‌ಬಾಕ್ಸ್. ಮೊದಲೆಲ್ಲ ದುಡ್ಡು ಹಾಕಿದ ಮೇಲೆ ಫೋನನ್ನು ಮಾಲೀಕರ ಕಣ್ಣೆದುರು ಹಿಡಿಯಬೇಕಿತ್ತು. ಕೆಲವರು ಹಳೇ ಸ್ಕ್ರೀನ್‌ಶಾಟ್ ತೋರಿಸಿ ಹೋಗುತ್ತಿದ್ದರು ಅಂತ ಹೋಟೆಲಿನವರಿಗೆ ಅನುಮಾನ ಬೇರೆ. ಈಗ ದೋಸೆ ಹಾಕುವವರು ತಿರುಗಿಯೂ ನೋಡುವುದಿಲ್ಲ. ಡಬ್ಬಿ ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಅಂತ ಕೂಗಿದರೆ ಸಾಕು, ‘ಆಯ್ತು ಹೋಗಿ’ ಅನ್ನುತ್ತಾರೆ. ಈ ವ್ಯವಸ್ಥೆಯಲ್ಲಿ ಜನರ ನಡುವೆ ನಂಬಿಕೆ ತಂದದ್ದು ನನ್ನ ಪ್ರಕಾರ ಆ ಡಬ್ಬಿ.

ಮೂರನೆಯದನ್ನು ಜಾಸ್ತಿ ಜನ ಬಳಸುವುದಿಲ್ಲ. ಯುಪಿಐ ಲೈಟ್. ಇದು 2022ರಲ್ಲಿ ಬಂತು. ಖಾತೆಯಿಂದ 5,000 ರೂಪಾಯಿವರೆಗೆ ಬೇರೆ ಎತ್ತಿಟ್ಟುಕೊಳ್ಳಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಪಿನ್ ಒತ್ತುವುದು ತಪ್ಪುತ್ತದೆ ಅಂತಲ್ಲ ನನ್ನ ಖುಷಿ. ಹತ್ತು ಹದಿನೈದು ರೂಪಾಯಿಯ ಲೆಕ್ಕವೆಲ್ಲ ಪಾಸ್‌ಬುಕ್ಕಿಗೆ ಹೋಗುವುದಿಲ್ಲ. ಪಾಸ್‌ಬುಕ್ ಪ್ರಿಂಟ್ ಹಾಕಿಸಿದವರಿಗೆ ಗೊತ್ತು. ಟೀ, ಟೀ, ಪೆಟ್ರೋಲ್, ಟೀ ಅಂತ ಮಷೀನು ಪುಟದ ಮೇಲೆ ಪುಟ ತುಂಬಿಸುತ್ತದೆ. ಸಾಲಕ್ಕೆ ಅರ್ಜಿ ಹಾಕುವಾಗ ಆ ಹಾಳೆಯನ್ನೇ ಮ್ಯಾನೇಜರ್ ಮುಂದೆ ಇಡಬೇಕು. ಬಿಡಿ ಖರ್ಚನ್ನೆಲ್ಲ ಲೈಟ್‌ಗೆ ಹಾಕಿದ ಮೇಲೆ ಸ್ಟೇಟ್‌ಮೆಂಟ್ ಓದುವ ಹಾಗಾಗಿದೆ. ಬ್ಯಾಂಕಿನ ಸರ್ವರ್ ಸುಸ್ತಾದ ಹೊತ್ತಲ್ಲೂ ಲೈಟ್ ಸಾಮಾನ್ಯವಾಗಿ ಓಡುತ್ತದೆ.

‘ಫೋನಲ್ಲಿ ದುಡ್ಡು ಇದ್ದರೆ ಕೈ ಬಿಗಿ ಇರೋದಿಲ್ಲ’ ಅಂತ ದೊಡ್ಡವರು ಬಯ್ಯುತ್ತಾರೆ. ಅರ್ಧ ಒಪ್ಪುತ್ತೇನೆ. ನೋಟು ಮುರಿಯುವಾಗ ಆಗುತ್ತಿದ್ದ ಸಂಕಟ ಸ್ಕ್ಯಾನ್ ಮಾಡುವಾಗ ಆಗುವುದಿಲ್ಲ, ನಿಜ. ಆದರೆ ನೋಟಿನ ಕಾಲದಲ್ಲಿ ತಿಂಗಳ ಕೊನೆಗೆ ದುಡ್ಡು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಈಗ ಎಷ್ಟು ಗೋಬಿಗೆ ಹೋಯಿತು ಅಂತ ಸಾಕ್ಷಿ ಸಮೇತ ಗೊತ್ತಾಗುತ್ತದೆ. ಗೊತ್ತಾದ ಮೇಲೂ ತಿನ್ನುತ್ತೇವೆ ಅನ್ನುವುದು ಬೇರೆ ಮಾತು.

ಇನ್ನು ಸಿಕ್ಕಿಕೊಳ್ಳುವ ವಿಚಾರ.

ನಮ್ಮ ಬದಿಯಲ್ಲಿ ಮಳೆಗಾಲ ಅಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ರೂ ಹೋಗುತ್ತದೆ. ಅಂಗಡಿಯವರೇ ಹಾಟ್‌ಸ್ಪಾಟ್ ಕೊಟ್ಟು ದುಡ್ಡು ಹಾಕಿಸಿಕೊಳ್ಳುವುದು ಮಲೆನಾಡಿನಲ್ಲಿ ಹೊಸದಲ್ಲ. ನೆಟ್‌ವರ್ಕ್ ಪೂರ್ತಿ ಇಲ್ಲದಿದ್ದರೆ ತೊಂದರೆ ಇಲ್ಲ, ಸಾಲ ಬರೆಸಿ ಬರಬಹುದು. ಅರ್ಧಂಬರ್ಧ ಇದ್ದಾಗಲೇ ಕಷ್ಟ. ಒಂದು ಸಲ ಪೆಟ್ರೋಲ್ ಬಂಕಿನಲ್ಲಿ ನನ್ನ ಖಾತೆಯಿಂದ ದುಡ್ಡು ಕಟ್ ಆಯಿತು, ಬಂಕಿನವರ ಡಬ್ಬಿ ಕೂಗಲಿಲ್ಲ. ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಹಿಂದೆ ಗಾಡಿಗಳ ಸಾಲು, ಹಾರ್ನ್. ಹುಡುಗ ‘ಇನ್ನೊಂದ್ಸಲ ಹಾಕಿ ಸಾರ್’ ಅಂದ. ಎರಡು ಸಲ ಹೋದರೆ ಯಾರನ್ನು ಕೇಳುವುದು? ಕೊನೆಗೆ ನಗದು ಕೊಟ್ಟು ಹೊರಟೆ. ಅದಕ್ಕೇ ಫೋನ್ ಕವರಿನ ಹಿಂದೆ ಒಂದೆರಡು ನೋಟು ಯಾವಾಗಲೂ ಇರಲಿ.

ಆಮೇಲೆ ಶುರುವಾಯಿತು ಅಲೆದಾಟ. ಆ್ಯಪಿನಲ್ಲಿ ದೂರು ಕೊಟ್ಟರೆ ‘ನಿಮ್ಮ ಬ್ಯಾಂಕನ್ನು ಕೇಳಿ’ ಅನ್ನುವ ಉತ್ತರ. ಬ್ಯಾಂಕಿಗೆ ಹೋದರೆ ‘ಆ್ಯಪಿನವರನ್ನು ಕೇಳಿ, ನಮ್ಮ ಕಡೆಯಿಂದ ಹೋಗಿದೆ’. ನನ್ನ ಆ್ಯಪ್, ನನ್ನ ಬ್ಯಾಂಕ್, ನಡುವೆ ಎನ್‌ಪಿಸಿಐ, ಆ ಕಡೆ ಬಂಕಿನವರ ಬ್ಯಾಂಕ್. ಒಂದು ಪಾವತಿಯಲ್ಲಿ ಇಷ್ಟು ಜನ ಇದ್ದಾರೆ, ಬಳಸುವವನಿಗೆ ಕಾಣುವುದು ಒಂದು ಹಸಿರು ಟಿಕ್ ಮಾತ್ರ.

ದುಡ್ಡು ವಾಪಸ್ ಬಂತು ಅನ್ನುವುದನ್ನೂ ಹೇಳಬೇಕು. ಯಾರೂ ಏನೂ ಮಾಡದೆ ತಾನಾಗಿ ಬಂತು. ಇದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಒಬ್ಬರಿಂದ ಒಬ್ಬರಿಗೆ ಹಾಕಿದ ದುಡ್ಡು ತಲುಪದಿದ್ದರೆ ಮರುದಿನದೊಳಗೆ, ಅಂಗಡಿಗೆ ಹಾಕಿದ್ದು ತಲುಪದಿದ್ದರೆ ಐದು ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಬ್ಯಾಂಕು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಒಳ್ಳೆಯ ನಿಯಮವೇ. ಆದರೆ ದುಡ್ಡು ಕಟ್ ಆದ ಕ್ಷಣದಲ್ಲಿ ಪರದೆಯ ಮೇಲೆ ಇದನ್ನು ಎರಡು ಸಾಲು ಕನ್ನಡದಲ್ಲಿ ಬರೆದು ತೋರಿಸಲು ಏನು ಕಷ್ಟ? ‘ಇಷ್ಟನೇ ತಾರೀಖಿನೊಳಗೆ ಬರುತ್ತದೆ, ಬರದಿದ್ದರೆ ಇಲ್ಲಿ ಒತ್ತಿ.’ ನನ್ನ ಆ್ಯಪಿನಲ್ಲಿ ಆಗ ಕಂಡದ್ದು ‘ಪೆಂಡಿಂಗ್’ ಅಂತ ಒಂದೇ ಪದ.

ನಾನಾದರೆ ಹುಡುಕಿ ಓದಿಕೊಳ್ಳುತ್ತೇನೆ. ಮನೆಯಲ್ಲಿ ಇರುವವರು ಏನು ಮಾಡಬೇಕು? ನಮ್ಮ ಮನೆಯಲ್ಲಿ ಅದರ ಉತ್ತರ: ನನಗೆ ಫೋನ್ ಮಾಡುತ್ತಾರೆ. ‘ಅಪ್ಪಿ, ಮಂಡಿ ದುಡ್ಡು ಬಂದಿದೆಯಾ ನೋಡು’ ಅಂತ ಅಪ್ಪ. ‘ಗ್ಯಾಸಿನವನಿಗೆ ಹಾಕು, ನಂಬರ್ ಕಳಿಸಿದ್ದೇನೆ’ ಅಂತ ಅಮ್ಮ. ಪಕ್ಕದ ಮನೆಯವರ ಕರೆಂಟ್ ಬಿಲ್ಲೂ ನನ್ನ ಫೋನಿನಿಂದಲೇ. ಅವರು ಮರ್ಯಾದೆಯಿಂದ ನಗದು ತಂದು ಅಮ್ಮನ ಕೈಗೆ ಕೊಡುತ್ತಾರೆ, ಅದು ನನಗೆ ಬರುವುದಿಲ್ಲ ಅಷ್ಟೇ. ನಮ್ಮ ವಯಸ್ಸಿನವರು ಬಹಳ ಜನ ಹೀಗೇ ಮನೆಮಂದಿಯ ಬ್ಯಾಂಕ್ ಶಾಖೆ ಆಗಿದ್ದೇವೆ. ಹೊಸ ತಂತ್ರಜ್ಞಾನ ಬಂದರೆ ಯುವಕರು ಖುಷಿಪಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಅದರ ಕೂಲಿಯಿಲ್ಲದ ಕೆಲಸವೂ ಯುವಕರದ್ದೇ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಅಪ್ಪನಿಗೆ ಹೊಸ ಫೋನ್ ಕೊಡಿಸಿದಾಗ ಇನ್ನೂ ಮಜಾ. ಆ್ಯಪ್ ಚಾಲೂ ಆಗಬೇಕಾದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಅದರಿಂದ ಒಂದು ಎಸ್‌ಎಂಎಸ್ ಹೋಗಬೇಕು. ಸುರಕ್ಷತೆಗೆ ಇದು ಬೇಕೇ ಬೇಕು, ತಕರಾರಿಲ್ಲ. ಆದರೆ ಅಂಗಳದ ತುದಿಯಲ್ಲಿ ಸಿಗ್ನಲ್ ಹುಡುಕುತ್ತಾ ಆ ಎಸ್‌ಎಂಎಸ್ ಹೋಗುವುದನ್ನು ಕಾಯುವಾಗ ತಕರಾರು ತಾನಾಗಿ ಹುಟ್ಟುತ್ತದೆ.

ಅಜ್ಜಿಯ ವಿಷಯ ಬೇರೆ. ಅವಳ ದುಡ್ಡು ಎಲೆ ಸಂಚಿಯಲ್ಲಿ, ಫೋನು ಕೀಪ್ಯಾಡಿನದ್ದು. ಅಂಥ ಫೋನಿಗಾಗಿ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂದಿದೆ. ನಂಬರಿಗೆ ಕರೆ ಮಾಡಿ, ಕೇಳಿದಂತೆ ಒತ್ತುತ್ತಾ ಹೋಗಬೇಕು. ಅವಳು ಅದನ್ನು ಕೇಳಿಸಿಕೊಂಡು ‘ಇಷ್ಟು ಒತ್ತೋದರೊಳಗೆ ನಾನೇ ನಡೆದು ಹೋಗಿ ಕೊಟ್ಟು ಬರ್ತೀನಿ’ ಅಂದಳು. ಸರಿಯೇ. ಮನೆಯವರಿಗೆ ಹೆಚ್ಚು ಉಪಯೋಗ ಆಗುವುದು 2024ರಲ್ಲಿ ಬಂದ ಯುಪಿಐ ಸರ್ಕಲ್. ನಮ್ಮ ಖಾತೆಯಿಂದ ಖರ್ಚು ಮಾಡಲು ಮನೆಯ ಇನ್ನೊಬ್ಬರಿಗೆ ಅವಕಾಶ ಕೊಡಬಹುದು. ಪ್ರತಿ ಸಲ ನಾವು ಒಪ್ಪಿಗೆ ಕೊಡುವ ಹಾಗೂ ಇಡಬಹುದು, ಪೂರ್ತಿ ಬಿಟ್ಟುಕೊಟ್ಟು ತಿಂಗಳಿಗೆ 15,000ದ ಮಿತಿಯೊಳಗೆ ಇಡಬಹುದು. ಅಮ್ಮನಿಗೆ ಎರಡನೆಯದು ಮಾಡಿಕೊಟ್ಟಿದ್ದೇನೆ. ‘ಗ್ಯಾಸಿನವನಿಗೆ ಹಾಕು’ ಅನ್ನುವ ಅಮ್ಮನ ಫೋನ್ ನಿಂತಿದೆ. ಆದರೆ ಇಂಥದ್ದೊಂದು ಇದೆ ಅಂತ ಹೊರಗೆ ಹೇಳುವವರೇ ಇಲ್ಲ. ಆ್ಯಪ್ ತೆರೆದರೆ ಸಾಲ ಬೇಕಾ, ಚಿನ್ನ ಬೇಕಾ, ಕೂಪನ್ ಬೇಕಾ ಅನ್ನುವ ಜಾಹೀರಾತೇ ತುಂಬಿರುತ್ತದೆ. ಬೇಕಾದ್ದು ಎಲ್ಲೋ ಒಳಗೆ ಅಡಗಿರುತ್ತದೆ.

ಮೋಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಹೇಳಿದ್ದಾರೆ. ದುಡ್ಡು ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು. ಅಪ್ಪನಿಗೆ ಹೇಳಿಕೊಟ್ಟದ್ದು ಇದೊಂದೇ. ದುಡ್ಡು ಕೇಳುವ ಸುಳ್ಳು ‘ರಿಕ್ವೆಸ್ಟ್’ ಕಳಿಸಿ ಪಿನ್ ಒತ್ತಿಸುವ ಆಟಕ್ಕೆ ಕಡಿವಾಣ ಹಾಕಲು, ಜನ ಜನರ ನಡುವಿನ ಆ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಒಳ್ಳೆ ಕೆಲಸ. ಮೋಸ ಆಗಿಯೇ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕರ್ನಾಟಕದವರಾಗಿ 2025ರ ಜುಲೈ ಮರೆಯುವ ಹಾಗಿಲ್ಲ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಅನ್ನುವ ನಿಯಮ ಹಳೆಯದೇ. ಆದರೆ ತರಕಾರಿ, ಹಾಲು ಮಾರುವವರಿಗೂ ದಿಗಿಲಾಯಿತು. ಬೆಂಗಳೂರಿನಲ್ಲಿ ಕೆಲವು ಅಂಗಡಿಗಳು ಕ್ಯೂಆರ್ ಕಿತ್ತು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದವು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕ್ಯೂಆರ್ ಅಂಟಿಸಲು ಅಂಗಡಿ ಅಂಗಡಿಗೆ ಬಂದವರು, ಲೆಕ್ಕ ಹೇಗೆ ಇಡಬೇಕು ಅಂತ ಹೇಳಿಕೊಡಲು ಒಬ್ಬರೂ ಬರಲಿಲ್ಲ. ಗ್ರಾಹಕನಿಗೆ ಕೌಂಟರ್ ಇಲ್ಲದ ಹಾಗೆ ಅಂಗಡಿಯವರಿಗೂ ಇಲ್ಲ.

ಅಂಕ ಕೊಡಬೇಕಾದರೆ ಕೊಡುವ ಕೆಲಸಕ್ಕೆ ಐದಕ್ಕೆ ಐದು, ಕೆಟ್ಟಾಗ ಸರಿಮಾಡುವುದಕ್ಕೆ ಎರಡು. ಹೊಸದಾಗಿ ಶುರು ಮಾಡುವವರು ಸಂಬಳದ ಖಾತೆಯನ್ನು ಜೋಡಿಸಬೇಡಿ. ಬೇರೊಂದು ಬ್ಯಾಂಕಿನಲ್ಲಿ ಸಣ್ಣ ಖಾತೆ ತೆರೆದು, ತಿಂಗಳ ಖರ್ಚಿನಷ್ಟು ಮಾತ್ರ ಅದರಲ್ಲಿಟ್ಟು ಅದನ್ನೇ ಜೋಡಿಸಿ. ದುಡ್ಡು ಸಿಕ್ಕಿಕೊಂಡರೆ ಮೊದಲು 12 ಅಂಕಿಯ ವಹಿವಾಟು ನಂಬರ್ ಬರೆದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳುವುದು ಅದನ್ನೇ.